ರೆಫ್ಯೂಜಿಯಂ ಎಲ್ಲಿಡಬೇಕು? ಮೊದಲು ನೀರಿನ ದಾರಿ ನೋಡಿ

ರಾತ್ರಿ ಹನ್ನೊಂದರ ಹೊತ್ತಿಗೆ ಹಾಲಿನ ದೀಪ ಆರಿಸಿ, ಹವಳದ ಟ್ಯಾಂಕಿನ ಕೆಳಗಿರುವ ಕಪಾಟಿನ ಬಾಗಿಲು ತೆಗೆದು, ಒಳಗಿನ ಗಾಜಿಗೆ ಟಾರ್ಚ್ ಹಿಡಿಯಿರಿ. ಗಾಜಿನ ಮೇಲೆಲ್ಲ ಬಿಳಿ ಚುಕ್ಕೆಗಳು. ಒಂದೊಂದೂ ರವೆಯ ಕಾಳಿಗಿಂತ ಚಿಕ್ಕದು. ಎರಡು ಕ್ಷಣ ನೋಡುತ್ತಿದ್ದರೆ ಒಂದು ಚುಕ್ಕೆ ತಟಕ್ಕನೆ ಜಿಗಿದು ಇನ್ನೊಂದು ಕಡೆ ಕೂರುತ್ತದೆ. ಇವು ಕೋಪೆಪಾಡ್‌ಗಳು, ಸೀಗಡಿಯ ದೂರದ ನೆಂಟರಾದ ಪುಟ್ಟ ಜೀವಿಗಳು. ಅಲ್ಲೇ ಬೆಳೆದಿರುವ ಹಸಿರು ಪಾಚಿಯನ್ನು ಒಂದು ಹಿಡಿ ಎತ್ತಿ ಬಿಳಿ ಟಬ್ಬಿನ ನೀರಿನಲ್ಲಿ ಜಾಡಿಸಿದರೆ ಬೆನ್ನು ಬಾಗಿದ ಆಂಫಿಪಾಡ್‌ಗಳು ಉದುರುತ್ತವೆ, ಮಗ್ಗುಲಾಗಿ ಈಜುತ್ತಾ ಮತ್ತೆ ಪಾಚಿಯ ಎಳೆ ಹುಡುಕಿಕೊಂಡು ಹೋಗುತ್ತವೆ. ಮೇಲಿನ ಟ್ಯಾಂಕಿಗೆ ಬಿದ್ದರೆ ಇವುಗಳ ಆಯಸ್ಸು ಅಷ್ಟಕ್ಕಷ್ಟೆ, ಮೀನುಗಳು ಹೆಕ್ಕಿ ತಿಂದುಬಿಡುತ್ತವೆ. ಇಲ್ಲಿ ಅಂಥ ಭಯವಿಲ್ಲ. ಟ್ಯಾಂಕಿನ ನೀರೇ ಹರಿದುಬರುವ, ಮೀನುಗಳಿಲ್ಲದ ಈ ಪ್ರತ್ಯೇಕ ಜಾಗವೇ ರೆಫ್ಯೂಜಿಯಂ. ಆ ಹೆಸರಿಗೆ ಆಸರೆಯ ಜಾಗ ಅಂತಲೇ ಅರ್ಥ.

ಇದನ್ನು ಎಲ್ಲಿಡಬೇಕು ಅನ್ನುವುದು ಹವಳದ ಟ್ಯಾಂಕ್ ಕಟ್ಟಲು ಹೊರಟ ಪ್ರತಿಯೊಬ್ಬರೂ ಕೇಳುವ ಪ್ರಶ್ನೆ. ಕೇಳುವಾಗ ಎಲ್ಲರ ಕಣ್ಣೂ ಕಪಾಟಿನಲ್ಲಿ ಖಾಲಿ ಇರುವ ಜಾಗದ ಮೇಲೆ ಇರುತ್ತದೆ. ನಾನು ಹೇಳುವುದು ಒಂದೇ: ಜಾಗ ಆಮೇಲೆ ನೋಡೋಣ, ಮೊದಲು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಅನ್ನುವುದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಆ ದಾರಿಯಲ್ಲಿ ರೆಫ್ಯೂಜಿಯಂ ಯಾವ ಹಂತದಲ್ಲಿ ಕೂರುತ್ತದೆ ಎಂದು ಗೊತ್ತಾದರೆ ಕಪಾಟಿನ ಪ್ರಶ್ನೆ ತಾನಾಗಿ ಬಗೆಹರಿಯುತ್ತದೆ.

ದಾರಿ ಅರ್ಥಮಾಡಿಕೊಳ್ಳುವುದು ನಮ್ಮವರಿಗೆ ಕಷ್ಟವಲ್ಲ. ಬೆಂಗಳೂರಿನ ಯಾವ ಮನೆ ನೋಡಿದರೂ ನೆಲದಡಿ ಸಂಪು, ತಾರಸಿ ಮೇಲೆ ಓವರ್‌ಹೆಡ್ ಟ್ಯಾಂಕ್, ನಡುವೆ ಮೋಟರ್. ಹವಳದ ಅಕ್ವೇರಿಯಂನ ವ್ಯವಸ್ಥೆಯೂ ಇದೇ, ಹೆಸರೂ ಅದೇ. ಕೆಳಗಿನ ಗಾಜಿನ ತೊಟ್ಟಿಗೆ ಸಂಪ್ ಎನ್ನುತ್ತಾರೆ. ಅಲ್ಲಿಂದ ರಿಟರ್ನ್ ಪಂಪ್ ನೀರನ್ನು ಮೇಲಿನ ಟ್ಯಾಂಕಿಗೆ ತಳ್ಳುತ್ತದೆ. ಮೇಲಿನ ಟ್ಯಾಂಕಿನ ಅಂಚಿನಲ್ಲಿರುವ ಓವರ್‌ಫ್ಲೋ ಪೆಟ್ಟಿಗೆಯಿಂದ ಹೆಚ್ಚಾದ ನೀರು ಪೈಪಿನಲ್ಲಿ ಕೆಳಗಿಳಿಯುತ್ತದೆ. ವ್ಯತ್ಯಾಸ ಇಷ್ಟೇ, ಮನೆಯ ಮೋಟರ್ ಅರ್ಧ ಗಂಟೆ ಓಡಿ ನಿಲ್ಲುತ್ತದೆ, ಇಲ್ಲಿನ ಪಂಪ್ ಹಗಲೂ ರಾತ್ರಿ ಓಡುತ್ತಲೇ ಇರಬೇಕು.

ರೆಫ್ಯೂಜಿಯಂ ಮಾಡುವ ಕೆಲಸ ಮುಖ್ಯವಾಗಿ ಎರಡು. ಮೊದಲನೆಯದು ಕೊಳೆ ಹೀರುವುದು. ಮೀನಿನ ಆಹಾರ ಮತ್ತು ಮಲದಿಂದ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಸೇರುತ್ತವೆ. ಅದೇ ಪಾಚಿಗೆ ಗೊಬ್ಬರ. ಕೀಟೊಮಾರ್ಫಾ ಎಂಬ ಕಡಲಪಾಚಿ, ನಾವೆಲ್ಲ ಕೀಟೋ ಅನ್ನುವುದು, ಹಸಿರು ನೈಲಾನ್ ದಾರದ ಗೋಜಲಿನಂತೆ ಬೆಳೆಯುತ್ತದೆ. ಬೆಳೆದದ್ದನ್ನು ಕಿತ್ತು ಹೊರಗೆ ಹಾಕಿದಾಗ ಅದು ಹೀರಿಕೊಂಡ ಗೊಬ್ಬರವೂ ಟ್ಯಾಂಕಿನಿಂದ ಹೊರಗೆ ಹೋಗುತ್ತದೆ. ಕೀಳದೆ ಬಿಟ್ಟರೆ ಒಳಗಿನ ಎಳೆಗಳು ಬೆಳಕಿಲ್ಲದೆ ಕೊಳೆತು ಎಲ್ಲವನ್ನೂ ನೀರಿಗೇ ವಾಪಸ್ ಕೊಡುತ್ತವೆ. ಎರಡನೆಯದು ಮೀನುಗಳಿಗೆ ಜೀವಂತ ಆಹಾರ ಸಾಕುವುದು. ಮ್ಯಾಂಡರಿನ್ ಎಂಬ ನೀಲಿ-ಕಿತ್ತಳೆ ಬಣ್ಣದ ಮೀನು ಇದೆಯಲ್ಲ, ಅದು ಹೊತ್ತು ಮೂಡಿದಾಗಿನಿಂದ ಕಲ್ಲಿನ ಸಂದಿಗಳಲ್ಲಿ ಕೋಪೆಪಾಡ್ ಹೆಕ್ಕುತ್ತಲೇ ಇರುತ್ತದೆ. ಒಣ ಆಹಾರವನ್ನು ಬಹುಪಾಲು ಮ್ಯಾಂಡರಿನ್‌ಗಳು ಮುಟ್ಟುವುದೂ ಇಲ್ಲ. ಪಾಡ್‌ಗಳು (ಕೋಪೆಪಾಡ್, ಆಂಫಿಪಾಡ್‌ಗಳಿಗೆ ನಾವು ಹೇಳುವ ಚಿಕ್ಕ ಹೆಸರು) ಹುಟ್ಟಿಬರುವ ಜಾಗ ಇಲ್ಲದ ಟ್ಯಾಂಕಿಗೆ ಅದನ್ನು ತಂದರೆ ನಾಲ್ಕಾರು ವಾರಗಳಲ್ಲಿ ಹೊಟ್ಟೆ ಒಳಕ್ಕೆ ಅಂಟಿ ಸಾಯುತ್ತದೆ. ಅದನ್ನು ನೋಡುವುದು ಸಂಕಟ.

ಈ ಎರಡರಲ್ಲಿ ನಿಮಗೆ ಯಾವುದು ಮುಖ್ಯ ಅನ್ನುವುದರ ಮೇಲೆ ಜಾಗ ನಿಂತಿದೆ.

ಮಾತು ಗಾಳಿಯಲ್ಲಿ ತೇಲದಿರಲಿ, ಒಂದು ಟ್ಯಾಂಕನ್ನು ಕಣ್ಣಮುಂದೆ ಇಟ್ಟುಕೊಳ್ಳೋಣ. ನಾಲ್ಕು ಅಡಿಯದ್ದು, 120 ಸೆಂ.ಮೀ. ಉದ್ದ, 45 ಅಗಲ, 50 ಎತ್ತರ. ಕೆಳಗೆ 90 ಸೆಂ.ಮೀ. ಉದ್ದ, 35 ಅಗಲ, 40 ಎತ್ತರದ ಸಂಪ್, ಅದರಲ್ಲಿ 25 ಸೆಂ.ಮೀ. ಮಟ್ಟಕ್ಕೆ ನೀರು. ಕಲ್ಲು, ಮರಳು ಎಲ್ಲ ಕಳೆದು ಒಟ್ಟು ನೀರು ಸುಮಾರು 300 ಲೀಟರ್. ಸಂಪಿನಲ್ಲಿ 35 ಸೆಂ.ಮೀ. ಉದ್ದದ ಒಂದು ಖಾನೆ ರೆಫ್ಯೂಜಿಯಂಗೆ ಬಿಟ್ಟರೆ ಅಲ್ಲಿ ಹಿಡಿಯುವುದು 30 ಲೀಟರ್, ಒಟ್ಟು ನೀರಿನ ಹತ್ತರಲ್ಲೊಂದು ಪಾಲು. ಮನೆಯ ಟ್ಯಾಂಕಿಗೆ ಇದು ಕೆಲಸಕ್ಕೆ ಬರುವ ಅಳತೆ. ದೊಡ್ಡದಾದಷ್ಟೂ ಒಳ್ಳೆಯದೇ.

ಸಂಪಿನೊಳಗೆ ರೆಫ್ಯೂಜಿಯಂ ಇಡುವವರು ಸಾಮಾನ್ಯವಾಗಿ ಮೂರು ಖಾನೆ ಸಾಲಾಗಿ ಮಾಡಿಸುತ್ತಾರೆ. ನೀರು ಇಳಿಯುವ ಕಡೆ ಪ್ರೋಟೀನ್ ಸ್ಕಿಮ್ಮರ್, ನಡುವೆ ರೆಫ್ಯೂಜಿಯಂ, ಕೊನೆಗೆ ರಿಟರ್ನ್ ಪಂಪ್. ಇದರಲ್ಲಿ ಒಂದು ಜಾಣತನ ಇದೆ. ಸ್ಕಿಮ್ಮರ್ ಕಸವನ್ನು ಮೊದಲೇ ನೊರೆಯಾಗಿ ಎತ್ತಿಬಿಡುವುದರಿಂದ ರೆಫ್ಯೂಜಿಯಂನಲ್ಲಿ ಕೆಸರು ಕಡಿಮೆ ಕೂರುತ್ತದೆ. ಅಲ್ಲಿಂದ ಹೊರಟ ಪಾಡ್‌ಗಳು ಸ್ಕಿಮ್ಮರ್ ದಾಟಬೇಕಾಗಿಲ್ಲ, ನೇರ ಪಂಪಿಗೆ ಹೋಗಿ ಮೇಲೆ ಹತ್ತುತ್ತವೆ. ಆದರೆ ತೊಡಕೂ ಇದೆ. ಮೇಲಿಂದ ಇಳಿಯುವ ನೀರೆಲ್ಲ ಈ ಖಾನೆಯ ಮೂಲಕವೇ ಹಾದುಹೋಗಬೇಕು. ಹವಳಕ್ಕೆ ಜೋರು ಹರಿವು ಬೇಕೆಂದು ಗಂಟೆಗೆ 2,000 ಲೀಟರ್ ಓಡಿಸಿದರೆ ಅಷ್ಟೂ ನೀರು ಪಾಚಿಯ ಮೇಲೆ ನುಗ್ಗುತ್ತದೆ, ತಳದ ಮರಳು ಏಳುತ್ತದೆ, ಕಿತ್ತುಬಂದ ಎಳೆಗಳು ಅಡ್ಡಗಾಜು ದಾಟಿ ಪಂಪಿನ ಬಾಯಿಗೆ ಸಿಕ್ಕಿಕೊಳ್ಳುತ್ತವೆ. ಒಂದನ್ನು ತಗ್ಗಿಸದೆ ಇನ್ನೊಂದನ್ನು ತಗ್ಗಿಸಲು ಆಗುವುದಿಲ್ಲ.

ರೆಫ್ಯೂಜಿಯಂ ಮೊದಲು, ಸ್ಕಿಮ್ಮರ್ ಆಮೇಲೆ ಎಂದು ತಿರುಗಿಸಿದರೆ? ಪಾಚಿಗೆ ಹಸಿ ಕೊಳೆ ಸಿಗುತ್ತದೆ, ಜೊತೆಗೆ ಮೀನಿನ ಮಲ, ತಿನ್ನದೆ ಉಳಿದ ಚೂರುಗಳೆಲ್ಲ ಕೀಟೋ ಗೋಜಲಿಗೆ ಸಿಕ್ಕಿ ಮೆತ್ತಿಕೊಳ್ಳುತ್ತವೆ. ಆರು ತಿಂಗಳಲ್ಲಿ ತಳದಲ್ಲಿ ಕಂದು ಗಸಿ ಕಟ್ಟುತ್ತದೆ. ನಾನು ಇದನ್ನು ಸಲಹೆ ಮಾಡುವುದಿಲ್ಲ. ರಿಟರ್ನ್ ಪಂಪಿನ ಖಾನೆಯಲ್ಲೇ ಪಾಚಿ ಹಾಕುವುದಂತೂ ಬೇಡವೇ ಬೇಡ. ಆವಿಯಾದ ನೀರಿನ ಲೆಕ್ಕವೆಲ್ಲ ಇಳಿಯುವುದು ಆ ಖಾನೆಯಲ್ಲಿ, ಅಲ್ಲಿನ ಮಟ್ಟ ದಿನವೂ ಏರಿಳಿಯುತ್ತದೆ.

ನನಗೆ ಸರಿ ಕಂಡಿರುವುದು ನಾಲೆಯಿಂದ ತೂಬು ತೆಗೆದ ಹಾಗೆ ಒಂದು ಕವಲು ತೆಗೆಯುವ ಕ್ರಮ. ಗದ್ದೆಗೆ ನೀರು ಹಾಯಿಸುವವರು ಇಡೀ ನಾಲೆಯನ್ನು ತಿರುಗಿಸುವುದಿಲ್ಲ, ತೂಬಿನ ಬಾಯಿ ಎಷ್ಟು ಬೇಕೋ ಅಷ್ಟು ತೆರೆಯುತ್ತಾರೆ. ಸಂಪಿನ ಎಡ ತುದಿಗೆ ನೀರು ಇಳಿಯುವ ಮತ್ತು ಸ್ಕಿಮ್ಮರ್ ಕೂರುವ ಖಾನೆ, ಬಲ ತುದಿಗೆ ರೆಫ್ಯೂಜಿಯಂ, ರಿಟರ್ನ್ ಪಂಪ್ ನಡುವೆ. ಎರಡೂ ಕಡೆಯ ನೀರು ಅಡ್ಡಗಾಜು ದಾಟಿ ನಡುವಿನ ಖಾನೆಗೆ ಬೀಳುತ್ತದೆ. ರೆಫ್ಯೂಜಿಯಂಗೆ ನೀರು ಬರುವುದು ರಿಟರ್ನ್ ಪೈಪಿಗೆ ಟೀ (T ಆಕಾರದ ಪೈಪ್ ಜೋಡಣೆ) ಹಾಕಿ ತೆಗೆದ ಸಣ್ಣ ಕೊಳವೆಯಿಂದ, ಅದಕ್ಕೊಂದು ಬಾಲ್ ವಾಲ್ವ್. ಮೇಲಿನ ಟ್ಯಾಂಕಿಗೆ ಗಂಟೆಗೆ 2,000 ಲೀಟರ್ ಹೋಗಲಿ, ಇಲ್ಲಿಗೆ 300 ಸಾಕು ಅನ್ನಿಸಿದರೆ ವಾಲ್ವ್ ತಿರುಗಿಸಿದರಾಯಿತು. ಇಳಿಯುವ ಪೈಪಿಗೇ ಟೀ ಹಾಕುವವರೂ ಇದ್ದಾರೆ. ಪಂಪಿನ ಶಕ್ತಿ ಉಳಿಯುತ್ತದೆ ನಿಜ, ಆದರೆ ಇಳಿಯುವ ದಾರಿಗೆ ಕೈಹಾಕಿ ಅದರ ಹರಿವು ಕೆಡಿಸಿಕೊಳ್ಳುವುದು ನನಗೆ ಇಷ್ಟವಿಲ್ಲ. ಅಲ್ಲಿ ಏನು ತಡೆಯಾದರೂ ನೀರು ಬರುವುದು ಹಾಲಿನ ನೆಲಕ್ಕೆ.

ಹರಿವಿನ ಮಾತು ಬಂದಾಗಲೆಲ್ಲ ಒಂದು ವಾದ ಕೇಳಿಬರುತ್ತದೆ: ನೀರು ನಿಧಾನ ಹೋದರೆ ಪಾಚಿಗೆ ಹೀರಲು ಹೆಚ್ಚು ಸಮಯ ಸಿಗುತ್ತದೆ, ಆದ್ದರಿಂದ ಹರಿವು ಕಡಿಮೆ ಇರಬೇಕು ಎಂದು. ಕೇಳಲು ಸರಿಯೆನಿಸುತ್ತದೆ. ಲೆಕ್ಕ ಹಾಕಿ ನೋಡಿ. ಖಾನೆಯಲ್ಲಿ 30 ಲೀಟರ್ ಇದೆ. ಗಂಟೆಗೆ 300 ಲೀಟರ್ ಹರಿದರೆ ನೀರು ಒಂದು ಸಲಕ್ಕೆ 6 ನಿಮಿಷ ಅಲ್ಲಿ ನಿಲ್ಲುತ್ತದೆ. ಒಟ್ಟು 300 ಲೀಟರ್ ನೀರಿಗೆ ದಿನಕ್ಕೆ ಸರಾಸರಿ 24 ಸುತ್ತು, ಒಟ್ಟು 144 ನಿಮಿಷ. ಈಗ ಹರಿವನ್ನು ನಾಲ್ಕು ಪಟ್ಟು ಮಾಡಿ, ಗಂಟೆಗೆ 1,200 ಲೀಟರ್. ಒಂದು ಸಲಕ್ಕೆ ನಿಲ್ಲುವುದು ಒಂದೂವರೆ ನಿಮಿಷ ಮಾತ್ರ, ಆದರೆ ಸುತ್ತು 96. ಒಟ್ಟು ಮತ್ತೆ ಅದೇ 144 ನಿಮಿಷ. ಅದೇ ನೀರು ಸುತ್ತಿ ಸುತ್ತಿ ಬರುವ ವ್ಯವಸ್ಥೆಯಲ್ಲಿ ಪಾಚಿಯೊಡನೆ ನೀರು ಕಳೆಯುವ ಹೊತ್ತನ್ನು ನಿರ್ಧರಿಸುವುದು ಖಾನೆಯ ಗಾತ್ರ. ಹರಿವಿನ ವೇಗಕ್ಕೆ ಅದರಲ್ಲಿ ಪಾತ್ರವಿಲ್ಲ.

ಇನ್ನೂ ಒಂದು ಮಾತು. ನೀರು ತೀರಾ ನಿಂತಂತಿದ್ದರೆ ಪಾಚಿಯ ಪ್ರತಿ ಎಳೆಯ ಸುತ್ತ ಕದಲದ ನೀರಿನ ತೆಳು ಪದರವೊಂದು ಕಟ್ಟಿಕೊಳ್ಳುತ್ತದೆ. ಅದರಲ್ಲಿದ್ದ ನೈಟ್ರೇಟ್ ಹೀರಿಯಾದ ಮೇಲೆ ಹೊಸದು ಎಳೆಗೆ ಬಂದು ಮುಟ್ಟುವುದು ನಿಧಾನ. ನೀರು ಆಡುತ್ತಿದ್ದರೆ ಆ ಪದರ ತೆಳ್ಳಗಾಗುತ್ತದೆ. ಕೀಟೋ ಉಂಡೆ ಮೆಲ್ಲನೆ ಉರುಳುತ್ತಿದ್ದರೆ ಎಲ್ಲ ಮೈಗೂ ಬೆಳಕು ಬೀಳುತ್ತದೆ, ಕಸವೂ ಅಂಟುವುದಿಲ್ಲ. ಹಾಗಾಗಿ ನೈಟ್ರೇಟ್ ಇಳಿಸುವುದೇ ಗುರಿಯಾದವರು ವಾಲ್ವನ್ನು ಧಾರಾಳವಾಗಿ ತೆರೆಯಬಹುದು. ಪಾಡ್‌ಗಳೇ ಮುಖ್ಯ, ತಳದಲ್ಲಿ ಮರಳು ಮತ್ತು ಕಲ್ಲಿನ ಚೂರು ಹಾಕಿದ್ದೇವೆ ಅನ್ನುವವರು ಮೆಲ್ಲನೆ ಬಿಡಲಿ. ಕವಲು ದಾರಿಯ ಬೆಲೆ ಗೊತ್ತಾಗುವುದು ಇಲ್ಲೇ: ಇವತ್ತು ಒಂದು ರೀತಿ, ಮುಂದಿನ ತಿಂಗಳು ಇನ್ನೊಂದು ರೀತಿ ಬದಲಿಸಿ ನೋಡಬಹುದು.

ಕೆಳಗೆ ಇಟ್ಟರೆ ಪಾಡ್‌ಗಳು ಪಂಪಿನ ರೆಕ್ಕೆಗೆ ಸಿಕ್ಕಿ ಸಾಯುವುದಿಲ್ಲವೇ ಎಂದು ಕೇಳುತ್ತಾರೆ. ಒಂದು ಮಿಲಿಮೀಟರಿನಷ್ಟಿರುವ ಕೋಪೆಪಾಡ್‌ಗಳು ಬಹಳಷ್ಟು ಜೀವಸಹಿತ ದಾಟುತ್ತವೆ. ರಿಟರ್ನ್ ಪೈಪಿನ ಬಾಯಿಗೆ ತೆಳು ಬಟ್ಟೆ ಕಟ್ಟಿ ಹತ್ತು ನಿಮಿಷ ಬಿಟ್ಟು, ಬಟ್ಟೆಯನ್ನು ಲೋಟದ ನೀರಿಗೆ ಅದ್ದಿ ನೀವೇ ನೋಡಬಹುದು. ದೊಡ್ಡ ಆಂಫಿಪಾಡ್, ಮೈಸಿಡ್ ಸೀಗಡಿಗಳಿಗೆ ಅಪಾಯ ಹೆಚ್ಚು. ಅವು ಹೇಗೂ ಪಾಚಿ ಬಿಟ್ಟು ಹೊರಡುವುದು ಕಡಿಮೆ.

ಪಾಡ್‌ಗಳೇ ಬೇಕು, ಮ್ಯಾಂಡರಿನ್ ಸಾಕಲೇಬೇಕು ಅನ್ನುವವರಿಗೆ ಸೊಗಸಾದ ಜಾಗ ಟ್ಯಾಂಕಿನ ಮೇಲ್ಗಡೆ. ರೆಫ್ಯೂಜಿಯಂ ಎತ್ತರದಲ್ಲಿದ್ದು, ಅದರ ಓವರ್‌ಫ್ಲೋ ನೇರ ಟ್ಯಾಂಕಿಗೆ ಸುರಿದರೆ ಪಾಡ್‌ಗಳು ಯಾವ ಯಂತ್ರವನ್ನೂ ಹಾಯದೆ ನೀರಿನೊಂದಿಗೆ ಇಳಿದು ಬರುತ್ತವೆ. ದೀಪ ಆರಿದ ಮೇಲೆ ಆ ಪೈಪಿನ ಕೆಳಗೆ ಮೀನುಗಳು ಕಾದು ನಿಲ್ಲುವುದನ್ನು ನೋಡಿದ್ದೇನೆ.

ಆದರೆ ತೂಕ ನೆನಪಿರಲಿ. 60 ಸೆಂ.ಮೀ. ಉದ್ದ, 30 ಅಗಲದ ತೊಟ್ಟಿಯಲ್ಲಿ 40 ಲೀಟರ್ ಉಪ್ಪುನೀರು ಅಂದರೆ 41 ಕಿಲೋ. ಗಾಜು, ಮರಳು, ಕಲ್ಲು ಸೇರಿದರೆ 60 ಕಿಲೋ ಆಸುಪಾಸು. ಗೋಡೆಗೆ ಎರಡು ಬ್ರ್ಯಾಕೆಟ್ ಹೊಡೆದು ಪ್ಲೈವುಡ್ ಹಲಗೆ ಇಟ್ಟರೆ ಇದು ನಿಲ್ಲುವುದಿಲ್ಲ. ನೆಲಕ್ಕೆ ಕಾಲೂರಿದ ಕಬ್ಬಿಣದ ಸ್ಟ್ಯಾಂಡೇ ಬೇಕು, ಅದಕ್ಕೆ ಎರಡು ಕೋಟ್ ಎಪಾಕ್ಸಿ ಬಣ್ಣವೂ ಬೇಕು.

ಎರಡನೆಯ ಅಪಾಯವನ್ನು ನಾನು ಸ್ವತಃ ಅನುಭವಿಸಿದ್ದೇನೆ. ನನ್ನ ಮೊದಲ ಮೇಲಿನ ರೆಫ್ಯೂಜಿಯಂಗೆ ಇಳಿಯುವ ಪೈಪ್ ಒಂದೇ ಇತ್ತು, ಬಾಯಿಗೆ ಜಾಲರಿ ಇರಲಿಲ್ಲ. ಕೀಟೋದ ಒಂದು ಮುದ್ದೆ ತೇಲಿ ಬಂದು ಆ ಬಾಯಿ ಮುಚ್ಚಿತು. ಪಂಪ್ ಮೇಲಕ್ಕೆ ತಳ್ಳುತ್ತಲೇ ಇತ್ತು, ನೀರು ಅಂಚು ಮೀರಿ ಗೋಡೆಯ ಮೇಲೆ ಇಳಿಯಿತು. ಸಂಪಿನಲ್ಲಿ ನೀರು ತಗ್ಗಿದ್ದನ್ನು ಕಂಡ ಆಟೋ ಟಾಪ್ ಆಫ್ ಎಂಬ ಸಾಧನ, ಆವಿಯಾಗಿದೆಯೆಂದು ಸಿಹಿನೀರು ತುಂಬುತ್ತಾ ಹೋಯಿತು. ಬೆಳಿಗ್ಗೆ ಎದ್ದಾಗ ನೆಲವೆಲ್ಲ ನೀರು, ಟ್ಯಾಂಕಿನ ಉಪ್ಪಿನಂಶ (ಸಾಪೇಕ್ಷ ಸಾಂದ್ರತೆಯ ಅಳತೆಯಲ್ಲಿ) 1.026 ಇದ್ದದ್ದು 1.021ಕ್ಕೆ ಇಳಿದಿತ್ತು. ನಾಲ್ಕು ವರ್ಷ ಬೆಳೆದಿದ್ದ ಹವಳವೊಂದು ಮೂರು ದಿನಗಳಲ್ಲಿ ಬಿಳಿಚಿ ಹೋಯಿತು. ಅಂದಿನಿಂದ ಇಳಿಯುವ ಪೈಪ್ ಎರಡು ಇಡುತ್ತೇನೆ, ಒಂದಕ್ಕಿಂತ ಇನ್ನೊಂದು ಒಂದು ಸೆಂ.ಮೀ. ಎತ್ತರದಲ್ಲಿ. ಎರಡರ ಮುಂದೆಯೂ ಬಾಚಣಿಗೆ ಹಲ್ಲಿನಂಥ ಅಡ್ಡಗಾಜು ಇರುತ್ತದೆ. ಮೇಲಿನ ರೆಫ್ಯೂಜಿಯಂಗೆ ನೀರೆತ್ತುವ ಚಿಕ್ಕ ಪಂಪನ್ನು ಟ್ಯಾಂಕಿನಲ್ಲೇ ಇಡುವುದಾದರೆ ಅದನ್ನು ನೀರಿನ ಮೇಲ್ಮೈಗೆ ಹತ್ತಿರ ಕೂರಿಸಿ. ಇಳಿಯುವ ದಾರಿ ಕಟ್ಟಿದರೂ ಅದು ಎರಡು ಬೆರಳಿನಷ್ಟು ನೀರು ಎಳೆದು ಗಾಳಿ ಹಿಡಿದು ನಿಲ್ಲುತ್ತದೆ. ತಳದಲ್ಲಿಟ್ಟರೆ ಟ್ಯಾಂಕ್ ಬರಿದಾಗುವವರೆಗೆ ಎತ್ತುತ್ತದೆ.

ಉಳಿದ ಜಾಗಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟ್ಯಾಂಕಿನ ಬೆನ್ನಿಗೆ ನೇತುಹಾಕುವ ಸಣ್ಣ ಪೆಟ್ಟಿಗೆಗಳಿವೆ. ಸಂಪ್ ಇಲ್ಲದ 60-80 ಲೀಟರಿನ ಟ್ಯಾಂಕಿಗೆ ಅವು ಸಾಕು, ಅದರ ದೀಪ ಟ್ಯಾಂಕಿನೊಳಗೆ ಬೀಳದಂತೆ ಕಪ್ಪು ಹಾಳೆ ಅಂಟಿಸಿದರೆ ಆಯಿತು. ಹಿಂದೆಯೇ ಖಾನೆಗಳಿರುವ ಚಿಕ್ಕ ಟ್ಯಾಂಕುಗಳಲ್ಲಿ ನಡುವಿನ ಖಾನೆಗೆ ಕೀಟೋ ಹಾಕಿ ಹೊರಗಿನಿಂದ ಬೆಳಕು ಕೊಡುವವರಿದ್ದಾರೆ. ಅಲ್ಲಿ ಸಿಗುವುದು ಎರಡು ಮೂರು ಲೀಟರ್ ಜಾಗ. ಪಾಡ್‌ಗಳಿಗೆ ಸರಿ, ನೈಟ್ರೇಟ್‌ಗೆ ವಾರಕ್ಕೊಮ್ಮೆ ನೀರು ಬದಲಿಸುವುದೇ ಮೇಲು. ಬಾಲ್ಕನಿ, ಯುಟಿಲಿಟಿಯಲ್ಲಿ ದೊಡ್ಡ ತೊಟ್ಟಿ ಇಟ್ಟು ಗೋಡೆಯಲ್ಲಿ ಪೈಪ್ ಹಾಯಿಸುವುದು ಜಾಗ ಇದ್ದವರಿಗೆ ನಿಜಕ್ಕೂ ಒಳ್ಳೆಯ ಏರ್ಪಾಟು, ಬಿಸಿಲು ನೇರ ಬೀಳುವಂತಿರಬಾರದು ಅಷ್ಟೇ. ಏಪ್ರಿಲ್ ಮಧ್ಯಾಹ್ನದ ಬಿಸಿಲಿಗೆ ಆ ತೊಟ್ಟಿ ಕಾದರೆ ಕಾಯುವುದು ಹವಳದ ನೀರೇ, ಅದು 26 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕಾದದ್ದು.

ದೀಪವೂ ಜಾಗದ ಪ್ರಶ್ನೆಯ ಭಾಗವೇ. ಮೇಲಿನ ಟ್ಯಾಂಕಿನ ದೀಪ ಆರಿದ ಮೇಲೆ ಹವಳ, ಮೀನು, ಬ್ಯಾಕ್ಟೀರಿಯಾ ಎಲ್ಲವೂ ಉಸಿರಾಡಿ ನೀರಿಗೆ ಇಂಗಾಲದ ಡೈಆಕ್ಸೈಡ್ ಬಿಡುತ್ತವೆ. ಅದನ್ನು ಬಳಸುವ ದ್ಯುತಿಸಂಶ್ಲೇಷಣೆ ಆಗ ನಿಂತಿರುತ್ತದೆ, ಪಿಎಚ್ ಇಳಿಯುತ್ತದೆ. ರೆಫ್ಯೂಜಿಯಂನ ದೀಪವನ್ನು ಅದೇ ಹೊತ್ತಿಗೆ, ರಾತ್ರಿ ಹತ್ತರಿಂದ ಬೆಳಿಗ್ಗೆ ಹತ್ತರವರೆಗೆ ಹೊತ್ತಿಸಿದರೆ ಪಾಚಿ ಆ ಅನಿಲವನ್ನು ಹೀರಿ ಇಳಿತವನ್ನು ಮೆತ್ತಗೆ ಮಾಡುತ್ತದೆ. ಕಪಾಟಿನೊಳಗಿನ ರೆಫ್ಯೂಜಿಯಂಗೆ ಇದು ಸುಲಭ, ಬಾಗಿಲು ಮುಚ್ಚಿದರೆ ಬೆಳಕು ಹೊರಗೆ ಬರುವುದಿಲ್ಲ. ಟ್ಯಾಂಕಿನ ಮೇಲಿಟ್ಟರೆ ರಾತ್ರಿಯಿಡೀ ಹಾಲಿಗೆ ಬೆಳಕು, ಮೀನುಗಳಿಗೂ ನಿದ್ದೆಯಿಲ್ಲ. ಕಪಾಟಿನಲ್ಲಾದರೂ ಪಕ್ಕದ ಖಾನೆಗಳಿಗೆ ಬೆಳಕು ಸೋರದಂತೆ ನಡುವಿನ ಗಾಜಿಗೆ ಕಪ್ಪು ಬಣ್ಣ ಹೊಡೆಸಿ. ಇಲ್ಲದಿದ್ದರೆ ರಿಟರ್ನ್ ಪಂಪಿನ ಮೈಮೇಲೂ ಪಾಚಿ ಹತ್ತುತ್ತದೆ. ದೀಪದ ವೈರು ಪ್ಲಗ್ಗಿಗೆ ಹೋಗುವ ಮೊದಲು ಕೆಳಕ್ಕೆ ಜೋತು ಬಿದ್ದು ಮತ್ತೆ ಮೇಲೇರುವಂತಿರಲಿ. ಹನಿ ನೀರು ವೈರಿನ ಗುಂಟ ಇಳಿದರೂ ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಇಡೀ ಲೈನಿಗೆ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಕಡಿಯುವ ಸ್ವಿಚ್) ಹಾಕಿಸದೆ ಉಪ್ಪುನೀರಿನ ಕೆಲಸಕ್ಕೆ ಕೈಹಾಕಬೇಡಿ.

ಒಳಗೆ ಏನು ಹಾಕುತ್ತೀರಿ ಅನ್ನುವುದಕ್ಕೂ ಸ್ವಲ್ಪ ಎಚ್ಚರ ಬೇಕು. ಕಾಲರ್ಪಾ ಎಂಬ ಪಾಚಿ ನೋಡಲು ಚೆಂದ, ಬೆಳೆಯುವುದೂ ಬೇಗ. ಆದರೆ ಒಂದು ದಿನ ಇದ್ದಕ್ಕಿದ್ದಂತೆ ಸಂತಾನೋತ್ಪತ್ತಿಗೆ ಇಳಿದು ತನ್ನೊಳಗಿನದ್ದೆಲ್ಲ ನೀರಿಗೆ ಸುರಿದು ಬಿಳಿ ಸಿಪ್ಪೆಯಾಗಿ ನಿಲ್ಲುತ್ತದೆ, ನೀರು ಮಜ್ಜಿಗೆಯಂತಾಗುತ್ತದೆ. ಅಕ್ವೇರಿಯಂನಲ್ಲಿ ಸಾಕುತ್ತಿದ್ದ ಕಾಲರ್ಪಾ ಟ್ಯಾಕ್ಸಿಫೋಲಿಯಾ 1984ರಲ್ಲಿ ಮೊನಾಕೊ ಕರಾವಳಿಯ ಕಡಲಲ್ಲಿ ಕಾಣಿಸಿಕೊಂಡು ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಹಬ್ಬಿತು. 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಾಗ ಅದನ್ನು ನಿರ್ಮೂಲ ಮಾಡಲು ಆರು ವರ್ಷ ಹಿಡಿಯಿತು. ಯಾವ ಪಾಚಿಯೇ ಆಗಲಿ, ಕಿತ್ತದ್ದನ್ನು ಒಣಗಿಸಿ ಕಸಕ್ಕೆ ಹಾಕಿ, ಕರಾವಳಿಯಲ್ಲಿ ಇರುವವರಂತೂ ಕಡಲಿಗೆ ಎಸೆಯಲೇಬೇಡಿ. ತಳಕ್ಕೆ ಹಾಕುವ ಕಲ್ಲಿನ ಚೂರೂ ಅಂಗಡಿಯ ಒಣಕಲ್ಲೇ ಇರಲಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಕಲ್ಲುಹವಳಗಳನ್ನು 2001ರಲ್ಲೇ ಸೇರಿಸಲಾಗಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಬೆಳೆದಿರುವ ಹವಳಗಳು ಅಲ್ಲೇ ಇರಬೇಕಾದವು.

ಕೊನೆಗೆ ಕರೆಂಟ್ ಹೋಗುವ ಲೆಕ್ಕ. ಸಂಪಿನಲ್ಲಿ ರೆಫ್ಯೂಜಿಯಂ ಖಾನೆ ದೊಡ್ಡದಿರಲೆಂದು ಅಡ್ಡಗಾಜು ಎತ್ತರಿಸುವವರು ಇದನ್ನು ಮರೆಯುತ್ತಾರೆ. ಪಂಪ್ ನಿಂತ ಕೂಡಲೇ ಟ್ಯಾಂಕಿನ ನೀರು ಓವರ್‌ಫ್ಲೋ ಅಂಚಿನವರೆಗೆ ಇಳಿಯುತ್ತದೆ. ನಮ್ಮ ಟ್ಯಾಂಕಿನಲ್ಲಿ 3 ಸೆಂ.ಮೀ. ಇಳಿದರೆ 16 ಲೀಟರ್, ಸಂಪಿನಲ್ಲಿ ಅದು 5 ಸೆಂ.ಮೀ. ಏರಿಕೆ. ತೊಂದರೆಯಿಲ್ಲ. ಆದರೆ ರಿಟರ್ನ್ ಪೈಪಿನ ಬಾಯಿ ನೀರಿನಲ್ಲಿ 8 ಸೆಂ.ಮೀ. ಆಳಕ್ಕೆ ಮುಳುಗಿದ್ದರೆ ಅದೇ ಪೈಪ್ ಹಿಮ್ಮುಖವಾಗಿ ಎಳೆಯತೊಡಗುತ್ತದೆ. ಆಗ ಇಳಿದು ಬರುವುದು 43 ಲೀಟರ್. ಸಂಪಿನಲ್ಲಿ ಖಾಲಿ ಉಳಿದಿದ್ದ 15 ಸೆಂ.ಮೀ.ಯಲ್ಲಿ ಸುಮಾರು 14 ತುಂಬಿತು, ಪೈಪುಗಳಲ್ಲಿದ್ದ ನೀರೂ ಬಂದರೆ ಅಂಚಿಗೆ ನಿಂತಂತೆ. ಮೇಲೊಂದು ರೆಫ್ಯೂಜಿಯಂ ಇದ್ದರೆ ಅದರ ಪಾಲೂ ಸೇರುತ್ತದೆ. ರಿಟರ್ನ್ ಪೈಪಿನಲ್ಲಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಒಂದು ಸಣ್ಣ ತೂತು ಕೊರೆದರೆ ಅಲ್ಲಿಂದ ಗಾಳಿ ಹೊಕ್ಕು ಎಳೆತ ನಿಲ್ಲುತ್ತದೆ. ಆ ತೂತಿಗೆ ಪಾಚಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಕಡ್ಡಿ ಆಡಿಸಬೇಕು.

ಉಪ್ಪು ಬೆರೆಸುವ ಮೊದಲೇ, ಬರೀ ಸಿಹಿನೀರು ತುಂಬಿ ಎಲ್ಲವನ್ನೂ ಓಡಿಸಿ. ಒಂದು ಗಂಟೆ ಬಿಟ್ಟು ಮೇನ್ ಸ್ವಿಚ್ ಆರಿಸಿ, ಸಂಪಿನ ಮುಂದೆ ಸ್ಟೂಲ್ ಹಾಕಿಕೊಂಡು ಕುಳಿತುಕೊಳ್ಳಿ. ನೀರು ಏರುತ್ತಾ ಏರುತ್ತಾ ಎಲ್ಲಿ ನಿಲ್ಲುತ್ತದೋ ನೋಡಿ. ಕಾಲು ಗಂಟೆ ಕಳೆದರೂ ಗಾಜಿನ ಅಂಚಿಗೆ ಮೂರು ಬೆರಳು ಉಳಿದಿದ್ದರೆ ಮತ್ತೆ ಸ್ವಿಚ್ ಹಾಕಿ, ಹರಿವು ಹದಕ್ಕೆ ಬಂದ ಮೇಲೆ ರಿಟರ್ನ್ ಖಾನೆಯಲ್ಲಿ ನೀರು ನಿಂತ ಮಟ್ಟಕ್ಕೆ ಮಾರ್ಕರಿನಿಂದ ಒಂದು ಗೆರೆ ಎಳೆಯಿರಿ. ಆ ಗೆರೆ ದಾಟಿ ನೀರು ತುಂಬಬಾರದೆಂದು ಮನೆಯ ಎಲ್ಲರಿಗೂ ಹೇಳಿಡಿ.